ಅಮ್ಮನ ಬಾರ್: ಮುಕ್ಕಾಲಿಂಚು ಪೈಪು, ಎಂಟು ಹಲಗೆ

ಯುಗಾದಿಯ ಹಿಂದಿನ ದಿನ ಅಮ್ಮ ತುರಿಮಣೆ ಮೇಲೆ ಕೂತು ಎರಡು ತೆಂಗಿನಕಾಯಿ ತುರಿದಳು. ಏಳುವಾಗ ಎಡಗೈ ಗೋಡೆಗೆ, ಬಲಗೈ ಗ್ಯಾಸ್ ಕಟ್ಟೆಗೆ ಹೋಯಿತು. ಆದರೂ ಏಳಲು ಆಗಲಿಲ್ಲ. ನಾನು ಹೋಗಿ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಅವಳಿಗೆ 68 ವರ್ಷ. ಅದೇ ವಾರ ಬಂದ ಡೆಕ್ಸಾ ಸ್ಕ್ಯಾನ್ (ಮೂಳೆ ಸಾಂದ್ರತೆ ಅಳೆಯುವ ಪರೀಕ್ಷೆ) ವರದಿಯಲ್ಲಿ ಬೆನ್ನೆಲುಬಿನ ಟಿ-ಸ್ಕೋರ್, ಅಂದರೆ ಆರೋಗ್ಯವಾಗಿರುವ ಹರೆಯದವರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 2.1 ಅಂತ ಇತ್ತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಅದನ್ನು ಮೂಳೆ ಸವೆತ ಅಂತಲೇ ಕರೆಯುತ್ತಾರೆ. ಅಮ್ಮ ಆ ಗೆರೆಯ ಹತ್ತಿರ ಬಂದು ನಿಂತಿದ್ದಳು.

ಡಾಕ್ಟರು ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದರು. ವಾಕಿಂಗ್ ಮಾಡಿಸಿ ಅಂದರು. ಅಮ್ಮ ಆಗಲೇ ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾಳೆ. 'ಭಾರ ಎತ್ತಿಸಬಹುದಾ?' ಅಂತ ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. ಬೆನ್ನು ಬಗ್ಗಬಾರದು, ತುಂಬಾ ಕಡಿಮೆ ಭಾರದಿಂದ ಶುರು ಮಾಡಬೇಕು, ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಈ ಮೂರು ಷರತ್ತು ಹಾಕಿ ಒಪ್ಪಿದರು. ಮೊದಲ ತಿಂಗಳು ವಾರಕ್ಕೊಮ್ಮೆ ಫಿಸಿಯೋಥೆರಪಿಸ್ಟ್ ಒಬ್ಬರು ಮನೆಗೆ ಬಂದು ನೋಡುವ ವ್ಯವಸ್ಥೆಯನ್ನೂ ಮಾಡಿಕೊಂಡೆವು. ನಿಮ್ಮ ಮನೆಯ ಹಿರಿಯರಿಗೆ ಮಾಡುವುದಾದರೆ ಈ ಎರಡು ಹೆಜ್ಜೆಯನ್ನು ಬಿಡಬೇಡಿ.

ಭಾರ ಎತ್ತುವ ಸಾಮಾನುಗಳನ್ನು ಮನೆಯಲ್ಲೇ ಹೇಗೆ ಮಾಡಿಕೊಂಡೆವು ಅನ್ನುವುದಕ್ಕೆ ಮೊದಲು ಪುಸ್ತಕದ ವಿಷಯ ಹೇಳುತ್ತೇನೆ. ಪುಸ್ತಕ ಆರಿಸಿದ ಮೇಲೇ ನನಗೆ ಏನು ಕೊಳ್ಳಬೇಕು, ಏನು ಕೊಳ್ಳಬಾರದು ಅಂತ ಗೊತ್ತಾಗಿದ್ದು.

ಮನೆಯಲ್ಲಿ ತಾತನ ಕಾಲದ ಕೆ.ವಿ. ಅಯ್ಯರ್ ಪುಸ್ತಕ ಒಂದು ಇದೆ. ಅಯ್ಯರ್ ಅಂದರೆ ನಮಗೆಲ್ಲ 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರರು. ಆದರೆ ಅವರ ಬದುಕು ನಡೆದಿದ್ದು ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ. 1930ರ ದಶಕದಲ್ಲೇ ಅಂಚೆ ಮೂಲಕ ವ್ಯಾಯಾಮ ಕಲಿಸಿದವರು. ಸೂರ್ಯನಮಸ್ಕಾರದ ಮೇಲೂ, ಮಾಂಸಖಂಡ ಬೆಳೆಸುವುದರ ಮೇಲೂ ಪುಸ್ತಕ ಬರೆದವರು. ಅದನ್ನು ತೆಗೆದು ನೋಡಿದಾಗಲೆಲ್ಲ ನನಗೆ ಹುರುಪು ಬರುತ್ತದೆ. ಆದರೆ ಅದು ಆರೋಗ್ಯವಾಗಿರುವ ಹರೆಯದವರಿಗೆ ಬರೆದದ್ದು. ಅಮ್ಮನ ಮಂಡಿಗೆ, ಅಮ್ಮನ ಬೆನ್ನಿಗೆ ಅದರಲ್ಲಿ ದಾರಿ ಇಲ್ಲ.

ಎರಡನೆಯದು ಮಾರ್ಕ್ ರಿಪ್ಪಟೋ ಅವರ 'ಸ್ಟಾರ್ಟಿಂಗ್ ಸ್ಟ್ರೆಂಗ್ತ್'. 2005ರಲ್ಲಿ ಮೊದಲ ಸಲ ಬಂತು. ನನ್ನ ಹತ್ತಿರ ಇರುವುದು 2011ರ ಮೂರನೇ ಆವೃತ್ತಿ. ಒಂದೊಂದು ಲಿಫ್ಟಿಗೂ, ಅಂದರೆ ಭಾರ ಎತ್ತುವ ಒಂದೊಂದು ಬಗೆಗೂ, ಹತ್ತಾರು ಪುಟ. ಬಾರ್ (ಎರಡೂ ತುದಿಗೆ ತೂಕ ಹಾಕಿ ಎತ್ತುವ ಕಬ್ಬಿಣದ ಸರಳು) ಪಾದದ ನಡುಭಾಗದ ನೇರಕ್ಕೆ ಇರಬೇಕು, ಅಲ್ಲಿಂದ ನೆಟ್ಟಗೆ ಮೇಲೆ ಹೋಗಬೇಕು ಅನ್ನುವುದನ್ನು ಅವರು ಎಷ್ಟು ಬಿಡಿಸಿ ಹೇಳುತ್ತಾರೆ ಅಂದರೆ, ಓದಿದ ಮೇಲೆ ಬಿಂದಿಗೆ ಎತ್ತುವಾಗಲೂ ಅದೇ ನೆನಪಾಗುತ್ತದೆ. ಚಲನೆ ಕಲಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ನಾನು ಓದಿಲ್ಲ. ಆದರೆ ಅದರ ಲೆಕ್ಕ ಶುರುವಾಗುವುದೇ 20 ಕೆಜಿಯ ಬಾರ್‌ನಿಂದ.

ಮೂರನೆಯದೇ ನಮಗೆ ಬೇಕಾಗಿದ್ದದ್ದು. 2016ರಲ್ಲಿ ಬಂದ 'ದಿ ಬಾರ್ಬೆಲ್ ಪ್ರಿಸ್ಕ್ರಿಪ್ಷನ್'. ಬರೆದವರು ಜೊನಾಥನ್ ಸಲಿವನ್ ಮತ್ತು ಆಂಡಿ ಬೇಕರ್. ಸಲಿವನ್ ಸ್ವತಃ ಡಾಕ್ಟರು. ನಲವತ್ತು ದಾಟಿದವರಿಗಾಗಿಯೇ ಬರೆದ ಪುಸ್ತಕ. ವ್ಯಾಯಾಮವನ್ನು ಔಷಧಿ ಥರ ನೋಡಿ, ಔಷಧಿಗೆ ಇರುವ ಹಾಗೆ ಅದಕ್ಕೂ ಒಂದು ಡೋಸ್ ಇರಬೇಕು ಅನ್ನುವುದು ಅದರ ತಿರುಳು. ಡೋಸ್ ಅಂದರೆ ಏನು? ಅಳೆಯಲು ಬರಬೇಕು, ಸ್ವಲ್ಪ ಸ್ವಲ್ಪವೇ ಏರಿಸಲು ಬರಬೇಕು. ಆ ಮಾತು ತಲೆಯಲ್ಲಿ ಕೂತ ಮೇಲೆ ಅಂಗಡಿ ಸಾಮಾನು ನೋಡುವ ನನ್ನ ಕಣ್ಣೇ ಬದಲಾಯಿತು. 'ಎಷ್ಟು ಭಾರ ಹಾಕಬಹುದು' ಅಂತ ಕೇಳುವುದನ್ನು ಬಿಟ್ಟು 'ಎಷ್ಟು ಕಡಿಮೆಯಿಂದ ಶುರು ಮಾಡಬಹುದು, ಎಷ್ಟು ಚಿಕ್ಕ ಹೆಜ್ಜೆ ಇಡಬಹುದು' ಅಂತ ಕೇಳತೊಡಗಿದೆ.

ನನ್ನ ಅಣ್ಣನಿಗೆ ಭಯ ಇತ್ತು. 'ಮೂಳೆ ಸವೆದವರಿಗೆ ಭಾರ ಎತ್ತಿಸ್ತೀಯಾ?' ಅಂದ. ಅವನಿಗೆ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನ ತೋರಿಸಿದೆ. 2018ರಲ್ಲಿ ಪ್ರಕಟವಾದದ್ದು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇದ್ದ 101 ಹೆಂಗಸರು. ಒಂದು ಗುಂಪಿಗೆ ವಾರಕ್ಕೆ ಎರಡು ದಿನ, ಅರ್ಧ ಗಂಟೆಯಂತೆ ಎಂಟು ತಿಂಗಳು ಭಾರವಾದ ಲಿಫ್ಟ್‌ಗಳನ್ನೂ, ಜಿಗಿದು ಇಳಿಯುವ ಒಂದು ವ್ಯಾಯಾಮವನ್ನೂ ಮಾಡಿಸಿದರು. ಅವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಸರಾಸರಿ 2.9 ಶೇಕಡಾ ಜಾಸ್ತಿಯಾಯಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿನಲ್ಲಿ 1.2 ಶೇಕಡಾ ಕಡಿಮೆಯಾಯಿತು. ಆದರೆ ಅಲ್ಲಿ ಪ್ರತಿ ಸಲವೂ ತಿಳಿದವರು ಪಕ್ಕದಲ್ಲಿ ನಿಂತಿರುತ್ತಿದ್ದರು. ಭಾರವನ್ನು ಮೆಲ್ಲಗೆ ಏರಿಸಿದ್ದರು. ಅಣ್ಣ ಅದನ್ನು ಎರಡು ಸಲ ಓದಿದ. 'ಸರಿ, ನಾನು ಬಂದು ಮಾಡಿಕೊಡ್ತೀನಿ, ಏನೇನು ಬೇಕು ಹೇಳು' ಅಂದ.

ಹಲಗೆ ಪೀಠ

ಮೊದಲ ಕೆಲಸಕ್ಕೆ ಕಬ್ಬಿಣವೇ ಬೇಕಾಗಲಿಲ್ಲ. ಕೂತು ಏಳುವುದೇ ಅಮ್ಮನ ಕಷ್ಟ. ಕುರ್ಚಿಯಿಂದ ಕೈ ಊರದೆ ಏಳುತ್ತಾಳೆ, ನೆಲದಿಂದ ಆಗುವುದಿಲ್ಲ. ಕುರ್ಚಿ 45 ಸೆಂಟಿಮೀಟರ್. ಮನೆಯಲ್ಲಿದ್ದ ಚಿಕ್ಕ ಸ್ಟೂಲು 30. ಇವೆರಡರ ನಡುವೆ ಮೆಟ್ಟಿಲು ಬೇಕಿತ್ತು.

19 ಎಂಎಂ ಪ್ಲೈವುಡ್ ಹಾಳೆಯಲ್ಲಿ 16 ಇಂಚು ಉದ್ದ, 14 ಇಂಚು ಅಗಲದ ಎಂಟು ತುಂಡು ಕೊಯ್ಯಿಸಿದೆವು. ಎಂಟೂ ಸೇರಿದರೆ 15.2 ಸೆಂಟಿಮೀಟರ್. ಸ್ಟೂಲಿನ ಮೇಲೆ ಜೋಡಿಸಿದರೆ ಸರಿಯಾಗಿ ಕುರ್ಚಿಯ ಎತ್ತರ. ಒಂದೊಂದೇ ಹಲಗೆ ತೆಗೆಯುತ್ತಾ ಬಂದರೆ ಅಮ್ಮ ಒಂದೊಂದೇ ಬೆರಳಗಲ ಕೆಳಗೆ ಇಳಿಯುತ್ತಾಳೆ.

ಹಲಗೆ ಜಾರಬಾರದಲ್ವಾ? ಅದಕ್ಕೆ ಅಣ್ಣ ಎಂಟೂ ಹಲಗೆಯನ್ನು ಒಟ್ಟಿಗೆ ಕ್ಲಾಂಪ್ ಹಾಕಿ ಎರಡು ತೂತು ಕೊರೆದ. ಎರಡು ಉದ್ದ ಸರಳು ಇಳಿಸಿದ. ಗಟ್ಟಿಯಾಗಿ ಕೂತಿತು. ಎರಡನೇ ವಾರ ಮೇಲಿನ ಹಲಗೆ ತೆಗೆದಾಗ ತಪ್ಪು ಗೊತ್ತಾಯಿತು. ಹಲಗೆ ಹೋಯಿತು, ಸರಳಿನ ತುದಿ ಮೇಲೆ ಎದ್ದು ನಿಂತಿತು. ಕೂರುವ ಜಾಗದಲ್ಲಿ ಎರಡು ಕಬ್ಬಿಣದ ಮೊಳೆ ಇದ್ದ ಹಾಗೆ.

ಗಲ್ಲಿಯ ಕೊನೆಯಲ್ಲಿರುವ ಆಚಾರ್ರು ಅದನ್ನು ನೋಡಿ, 'ಟಿಫನ್ ಕ್ಯಾರಿಯರ್ ನೋಡಿದ್ದೀರಲ್ಲ ಅಮ್ಮಾ, ಹಾಗೆ ಮಾಡಬೇಕು ಇದನ್ನ' ಅಂದರು. ಪ್ರತಿ ಹಲಗೆಯ ತಳಕ್ಕೆ ಎರಡು ಮೋಟು ಮರದ ಗೂಟ ಅಂಟಿಸಿದರು. ಕೆಳಗಿನ ಹಲಗೆಯ ತೂತಿಗೆ ಆ ಗೂಟ ಕೂರುತ್ತದೆ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಯಾವ ಹಲಗೆ ತೆಗೆದರೂ ಮೇಲುಭಾಗ ಸಮ. ಎಲ್ಲಕ್ಕಿಂತ ಕೆಳಗಿನದನ್ನು ಸ್ಟೂಲಿಗೇ ಸ್ಕ್ರೂ ಹಾಕಿ ಕೂರಿಸಿದರು. ಅಂಚುಗಳನ್ನು ಉಪ್ಪು ಕಾಗದದಲ್ಲಿ ಚೆನ್ನಾಗಿ ತೀಡಿ, ಸೀರೆ ಸಿಕ್ಕಿಕೊಳ್ಳದ ಹಾಗೆ ಮೂಲೆ ದುಂಡಗೆ ಮಾಡಿಕೊಟ್ಟರು. ಕೂಲಿ ಅಂತ ತೆಗೆದುಕೊಂಡಿದ್ದು ಬಹಳ ಕಡಿಮೆ. ನಾವು ಮಾಡಿದ ಸಾಮಾನುಗಳಲ್ಲೆಲ್ಲ ನನಗೆ ಇದೇ ಹೆಚ್ಚು ಇಷ್ಟ.

ಬಾರ್

ಒಲಿಂಪಿಕ್ ಬಾರ್ 20 ಕೆಜಿ, 2.2 ಮೀಟರ್ ಉದ್ದ. ಹೆಂಗಸರದ್ದು 15 ಕೆಜಿ. ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಬಾರ್‌ಗಳೂ ಅಮ್ಮನ ಮೊದಲ ದಿನಕ್ಕೆ ಭಾರವೇ. ಪೊರಕೆ ಕೋಲಿನಲ್ಲಿ ಚಲನೆ ಕಲಿಸಬಹುದು, ಆದರೆ ಅದಕ್ಕೆ ಪ್ಲೇಟ್, ಅಂದರೆ ತುದಿಗೆ ತೂರಿಸುವ ತೂಕದ ಬಿಲ್ಲೆ, ಹಾಕಲು ಆಗುವುದಿಲ್ಲ.

ಪ್ಲಂಬಿಂಗ್ ಸಾಮಾನಿನ ಅಂಗಡಿಯಲ್ಲಿ ಉತ್ತರ ಸಿಕ್ಕಿತು. ಮುಕ್ಕಾಲು ಇಂಚಿನ ಜಿಐ (ಸತುವಿನ ಲೇಪ ಇರುವ ಕಬ್ಬಿಣ) ಪೈಪು. ಮುಕ್ಕಾಲು ಇಂಚು ಅಂದರೆ ಒಳಗಿನ ಅಳತೆಯ ಹೆಸರು. ಹೊರಗಿನ ಅಡ್ಡಳತೆ ಸುಮಾರು 27 ಎಂಎಂ. ನಮ್ಮಲ್ಲಿ ಸಿಗುವ ಸಾದಾ ಪ್ಲೇಟುಗಳ ತೂತು 28 ಎಂಎಂ ಬಾರ್‌ಗೆ ಮಾಡಿದ್ದು. ಆದ್ದರಿಂದ ಈ ಪೈಪು ಅದರಲ್ಲಿ ಸಲೀಸಾಗಿ ಹೋಗುತ್ತದೆ. ಹಿಡಿತಕ್ಕೂ ಅಮ್ಮನ ಕೈಗೆ ಸರಿಯಾಗಿದೆ. ಒಂದು ಇಂಚಿನ ಪೈಪು ತೆಗೆದುಕೊಂಡರೆ ಹೊರಗಡೆ 33 ಎಂಎಂ ದಾಟುತ್ತದೆ, ಪ್ಲೇಟ್ ಒಳಗೇ ಹೋಗುವುದಿಲ್ಲ. ಬಿ ಕ್ಲಾಸ್ (ನಡುಮಟ್ಟದ ದಪ್ಪ) ಪೈಪು ಐದು ಅಡಿ ಕೊಯ್ಯಿಸಿದೆ. ಎರಡೂ ತುದಿಗೆ ಅಂಗಡಿಯವರೇ ತ್ರೆಡ್ ಹೊಡೆದುಕೊಟ್ಟರು, ಎರಡು ಎಂಡ್ ಕ್ಯಾಪ್ ಕೊಟ್ಟರು. ಪ್ಲೇಟ್ ಹಾಕಿದ ಮೇಲೆ ಕ್ಯಾಪ್ ತಿರುಗಿಸಿದರೆ ಪ್ಲೇಟ್ ಆಚೆ ಬೀಳುವ ಮಾತೇ ಇಲ್ಲ.

ಪ್ಲೇಟ್ ಒಳಗಡೆ ಜಾರದ ಹಾಗೆ ಮಾಡಲು ಎರಡು ರಿಂಗ್ ವೆಲ್ಡ್ ಮಾಡಿಸೋಣ ಅಂತ ವೆಲ್ಡಿಂಗ್ ಅಂಗಡಿಗೆ ಹೋದೆ. ಅಲ್ಲಿನ ವೆಲ್ಡಿಂಗ್ ಅಣ್ಣ ಪೈಪು ನೋಡಿದವರೇ ಬೇಡ ಅಂದರು. 'ಅಕ್ಕಾ, ಇದು ಜಿಐ. ಮೇಲಿರೋ ಸತುವು ಸುಟ್ಟು ಹೊಗೆ ಬರುತ್ತೆ. ಆ ಹೊಗೆ ಕುಡಿದವರಿಗೆ ರಾತ್ರಿ ಜ್ವರ ಬರುತ್ತೆ.' ಅವರಿಗೆ ಒಮ್ಮೆ ಬಂದಿತ್ತಂತೆ. ಹಾಗಾಗಿ ರಬ್ಬರ್ ಪೈಪಿಗೆ ಹಾಕುವ ಹೋಸ್ ಕ್ಲಿಪ್ ತಂದು, ನಡುವೆ ಮೂರು ಅಡಿ ಬಿಟ್ಟು ಎರಡು ಕಡೆ ಬಿಗಿದೆ. ಸ್ಕ್ರೂಡ್ರೈವರ್ ಇದ್ದರೆ ಎರಡು ನಿಮಿಷದ ಕೆಲಸ. ಹೊರಗಡೆಗೂ ಒಂದೊಂದು ಕ್ಲಿಪ್. ಕೈ ಹಿಡಿಯುವ ಜಾಗಕ್ಕೆ ಹತ್ತಿಯ ಪಟ್ಟಿ ಸುತ್ತಿದೆ, ಜಿಐ ಮೇಲೆ ಬೆವರು ಬಿದ್ದರೆ ಜಾರುತ್ತದೆ.

ಬರೀ ಪೈಪು 2 ಕೆಜಿ 380 ಗ್ರಾಂ. ಕ್ಯಾಪು, ಕ್ಲಿಪ್ಪು, ಪಟ್ಟಿ ಎಲ್ಲ ಸೇರಿ 2 ಕೆಜಿ 600.

ಇದು ನೂರು ಕೆಜಿ ಹೊರುವ ಬಾರ್ ಅಲ್ಲ. ಒಟ್ಟು 30 ಕೆಜಿ ದಾಟಿಸುವುದಿಲ್ಲ ಅಂತ ನಾನೇ ಒಂದು ಮಿತಿ ಹಾಕಿಕೊಂಡಿದ್ದೇನೆ. ಆಮೇಲೆ ಅಮ್ಮ ಸರಿಯಾದ ಬಾರ್‌ಗೇ ಹೋಗುತ್ತಾಳೆ.

ಪ್ಲೇಟು, ತಕ್ಕಡಿ

ಒಂದು ಅಂಗಡಿಯಲ್ಲಿ ಎರಕದ ಕಬ್ಬಿಣದ ಪ್ಲೇಟ್ ತೆಗೆದುಕೊಂಡೆ. ಹತ್ತರದ್ದು ಎರಡು, ಐದರದ್ದು ಎರಡು, ಎರಡೂವರೆಯದ್ದು ನಾಲ್ಕು, ಒಂದೂಕಾಲರದ್ದು ಎರಡು. ಮನೆಗೆ ಬಂದು ಬಾರ್‌ಗೆ ಐದು-ಐದು ಹಾಕಿ ಎತ್ತಿದೆ. ಬಲಗಡೆ ಎಳೆಯುತ್ತಿತ್ತು. ನನ್ನ ಕೈಯದ್ದೇ ದೋಷ ಅಂದುಕೊಂಡು ಬಾರ್ ತಿರುಗಿಸಿ ಎತ್ತಿದೆ. ಈಗ ಎಡಗಡೆ ಎಳೆಯಿತು.

ಎರಡೂ ಪ್ಲೇಟನ್ನು ಚೀಲಕ್ಕೆ ಹಾಕಿಕೊಂಡು ಎದುರಿನ ದಿನಸಿ ಅಂಗಡಿಗೆ ಹೋದೆ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದು 4 ಕೆಜಿ 620 ಗ್ರಾಂ, ಇನ್ನೊಂದು 5 ಕೆಜಿ 310. ಎರಡರ ಮೇಲೂ '5' ಅಂತಲೇ ಎರಕ ಹೊಯ್ದಿದ್ದಾರೆ. ವ್ಯತ್ಯಾಸ 690 ಗ್ರಾಂ. ನನಗೆ ಎತ್ತುವಾಗ ಸುಮ್ನೆ ಒಂದು ಕಿರಿಕಿರಿ ಅಷ್ಟೆ. ಒಟ್ಟು ಏಳೆಂಟು ಕೆಜಿ ಎತ್ತುವ ಅಮ್ಮನ ಬೆನ್ನಿಗೆ ಅದು ಒಂದು ಬದಿಯ ಎಳೆತ. ನನಗೆ ನಿಜವಾಗಿ ಸಿಟ್ಟು ಬಂತು. ಔಷಧಿ ಡೋಸ್ ಅಂತ ಪುಸ್ತಕ ಹೇಳುತ್ತದೆ, ಇಲ್ಲಿ ಚಮಚವೇ ಸುಳ್ಳು.

ಮಾರನೇ ದಿನ ಸೂಟ್‌ಕೇಸ್ ತೂಗುವ ಕೈ ತಕ್ಕಡಿ ತೆಗೆದುಕೊಂಡು ಅಂಗಡಿಗೆ ವಾಪಸ್ ಹೋದೆ. ಬದಲಾಯಿಸಲು ಒಪ್ಪಿದರು. ಅವರ ರಾಶಿಯಲ್ಲಿದ್ದ ಪ್ಲೇಟುಗಳನ್ನೆಲ್ಲ ಒಂದೊಂದಾಗಿ ತೂಗಿ, ಹತ್ತಿರ ಹತ್ತಿರ ತೂಕದ ಜೋಡಿ ಆರಿಸಿದೆ. ಒಂದು ಗಂಟೆ ಹಿಡಿಯಿತು. ಸರಿಯಾಗಿ ಐದೇ ಇರುವುದು ಸಿಗಲಿಲ್ಲ. ಆದರೆ 4 ಕೆಜಿ 880, 4 ಕೆಜಿ 900 ಅಂತ ಒಂದು ಜೋಡಿ ಸಿಕ್ಕಿತು. ಜೋಡಿ ಸಮ ಇದ್ದರೆ ಸಾಕು, ಸಂಖ್ಯೆ ನಾವು ಬರೆದುಕೊಳ್ಳಬಹುದು. ಮನೆಗೆ ಬಂದು ಪ್ರತಿ ಪ್ಲೇಟಿನ ಮೇಲೂ ನಿಜವಾದ ತೂಕವನ್ನು ಬಿಳಿ ಪೇಂಟಿನಲ್ಲಿ ಬರೆದೆ.

ನೀವು ಏನನ್ನೇ ಕೊಳ್ಳಿ, ಈ ಒಂದು ಕೆಲಸ ಮಾತ್ರ ಮಾಡಿ. ತಕ್ಕಡಿ ಹಿಡಿದು ಹೋಗಿ.

ನೆಲದಿಂದ ಎಷ್ಟು ಎತ್ತರ

ಡೆಡ್‌ಲಿಫ್ಟ್ ಅಂದರೆ ಕೆಳಗಿರುವ ಬಾರ್ ಹಿಡಿದು ನೆಟ್ಟಗೆ ಎದ್ದು ನಿಲ್ಲುವುದು. ಪುಸ್ತಕದಲ್ಲಿ ಅದರ ಚಿತ್ರಗಳಲ್ಲೆಲ್ಲ ದೊಡ್ಡ ಪ್ಲೇಟ್ ಇರುತ್ತದೆ. ಅದರ ಅಡ್ಡಳತೆ 45 ಸೆಂಟಿಮೀಟರ್. ಅಂದರೆ ಬಾರ್ ನೆಲದಿಂದ ಇಪ್ಪತ್ತೆರಡೂವರೆ ಸೆಂಟಿಮೀಟರ್ ಮೇಲೆ ಇರುತ್ತದೆ. ನಮ್ಮ ಎರಡೂವರೆ ಕೆಜಿ ಪ್ಲೇಟಿನ ಅಡ್ಡಳತೆ 16. ಬಾರ್ ಇರುವುದು ಎಂಟು ಸೆಂಟಿಮೀಟರಿನಲ್ಲಿ, ಪಾದದ ಗಂಟಿನ ಹತ್ತಿರ. ಹಗುರ ಭಾರ ಎತ್ತುವವರೇ ಜಾಸ್ತಿ ಬಗ್ಗಬೇಕು. ಬೆನ್ನು ಬಗ್ಗಬಾರದು ಅಂತ ಡಾಕ್ಟರು ಹೇಳಿದ ಅಮ್ಮನಿಗೆ ಇದು ತಲೆಕೆಳಗಾದ ಲೆಕ್ಕ.

ಮನೆ ಕಟ್ಟುವ ಸಿಮೆಂಟಿನ ಸಾಲಿಡ್ ಬ್ಲಾಕ್ ತಂದೆವು. ಎಂಟು ಇಂಚಿನದು ಎರಡು, ನಾಲ್ಕು ಇಂಚಿನದು ಎರಡು. ಒಂದರ ಮೇಲೊಂದು ಇಟ್ಟರೆ ಒಂದು ಅಡಿ. ಪ್ಲೇಟ್ ಅದರ ಮೇಲೆ ಕೂತರೆ ಬಾರ್ ಸುಮಾರು 38 ಸೆಂಟಿಮೀಟರಿನಲ್ಲಿ, ಅಮ್ಮನ ಮಂಡಿಯ ಸ್ವಲ್ಪ ಕೆಳಗೆ. ಅಲ್ಲಿಂದ ಶುರು. ಫಿಸಿಯೋದವರು ಬಂದು ನೋಡಿ, ಬೆನ್ನು ನೆಟ್ಟಗಿದೆ ಅಂತ ಹೇಳಿದ ಮೇಲೇ ನಾಲ್ಕಿಂಚಿನ ಬ್ಲಾಕ್ ತೆಗೆದು, ಆ ಜಾಗಕ್ಕೆ ಉಳಿದಿದ್ದ ಪ್ಲೈವುಡ್ ತುಂಡುಗಳನ್ನು ಇಟ್ಟೆವು. ಅವನ್ನು ಒಂದೊಂದಾಗಿ ತೆಗೆಯುತ್ತಿದ್ದೇವೆ. ಪ್ಲೇಟ್ ಉರುಳದ ಹಾಗೆ ಹಳೇ ಟೈರ್ ಟ್ಯೂಬಿನ ತುಂಡು ಹಾಸಿ, ಎದುರುಬದುರು ಒಂದೊಂದು ಪಟ್ಟಿ ಹೊಡೆದಿದ್ದೇವೆ.

ಸ್ಟ್ಯಾಂಡ್

ಇದು ಬೇಗ ಮುಗಿದ ಕೆಲಸ. ಎರಡು ಇಂಚಿನ ಚೌಕ ಪೈಪು, 3 ಎಂಎಂ ದಪ್ಪ. ವೆಲ್ಡಿಂಗ್ ಅಣ್ಣ 2 ಎಂಎಂ ಸಾಕು ಅಂದರು. ಆರು ಮೀಟರಿನ ಒಂದು ಉದ್ದಕ್ಕೆ 2 ಎಂಎಂ ಆದರೆ 18 ಕೆಜಿ, 3 ಎಂಎಂ ಆದರೆ 26 ಕೆಜಿಯ ಮೇಲೆ. ದುಡ್ಡು ಸ್ವಲ್ಪ ಜಾಸ್ತಿ. ಆದರೆ ತಳ ಭಾರ ಇದ್ದಷ್ಟೂ ಸ್ಟ್ಯಾಂಡ್ ಅಲ್ಲಾಡುವುದಿಲ್ಲ, ನಾನೂ ಅದನ್ನೇ ಬಳಸುವವಳು. ಎರಡು ಕಂಬ, ನಡುವೆ 30 ಇಂಚು, ಕೆಳಗೆ ಎರಡನ್ನೂ ಸೇರಿಸುವ ಅಡ್ಡಪಟ್ಟಿ, ಮೇಲೆ ಬಾರ್ ಕೂರುವ ಕೊಕ್ಕೆ. ಕೊಕ್ಕೆಗೆ ದಪ್ಪ ಕಬ್ಬಿಣದ ಪಟ್ಟಿ ಹಾಕಿಸಿದೆ. ಬಣ್ಣಕ್ಕೆ ಮುಂಚೆ ರೆಡ್ ಆಕ್ಸೈಡ್ ಹೊಡೆಸಿದೆ.

ಅನಾಹುತ ಆಗಿದ್ದು ಇಲ್ಲೇ. ನಾನು ಪರೀಕ್ಷೆಗೆ ಅಂತ ಎರಡೂ ಕಡೆ ಹತ್ತು-ಹತ್ತು ಕೆಜಿ ಹಾಕಿ ಎತ್ತಿ ಇಳಿಸಿದೆ. ಆಮೇಲೆ ಎಡಗಡೆಯ ಪ್ಲೇಟ್ ತೆಗೆದು ಕೆಳಗಿಟ್ಟೆ. ತಿರುಗುವಷ್ಟರಲ್ಲಿ ಬಾರ್ ಬಲಕ್ಕೆ ಮಗುಚಿತು. ಪ್ಲೇಟ್ ನೆಲಕ್ಕೆ ಬಡಿದು ಒಂದು ಟೈಲ್ಸ್ ಒಡೆಯಿತು. ಎಡತುದಿ ನನ್ನ ಕಿವಿಯ ಪಕ್ಕದಲ್ಲೇ ಮೇಲೆ ಹಾರಿತು.

ಕೂತು ಲೆಕ್ಕ ಹಾಕಿದೆ. ಕೊಕ್ಕೆಯಿಂದ ಪ್ಲೇಟ್ ಸುಮಾರು 11 ಸೆಂಟಿಮೀಟರ್ ಆಚೆ ಇದೆ. ಮಗುಚುವ ಎಳೆತ ಅಂದರೆ ತೂಕವನ್ನು ದೂರದಿಂದ ಗುಣಿಸಿದಷ್ಟು, ಹತ್ತು ಕೆಜಿಗೆ 110. ಬಾರ್ ತನ್ನ ತೂಕದಿಂದ ತಡೆಯಬೇಕು. ಅದರ ನಡುಭಾಗ ಕೊಕ್ಕೆಯಿಂದ 38 ಸೆಂಟಿಮೀಟರ್ ಈಚೆ. 2.6 ಕೆಜಿಗೆ ಸುಮಾರು 99. ಹತ್ತು ಕೆಜಿ ಗೆದ್ದಿತು. 20 ಕೆಜಿಯ ಬಾರ್ ಆಗಿದ್ದರೆ ಅಲ್ಲಾಡುತ್ತಿರಲಿಲ್ಲ. ಹಗುರ ಬಾರ್ ಅಂದರೆ ಅಪಾಯ ಕಡಿಮೆ ಅಂದುಕೊಂಡಿದ್ದೆ. ಈ ಒಂದು ವಿಷಯದಲ್ಲಿ ಅದೇ ಜಾಸ್ತಿ ಅಪಾಯ. ಈಗ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ: 'ಆ ಕಡೆ ಒಂದು, ಈ ಕಡೆ ಒಂದು.' ಐದು ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬಿಡುವುದಿಲ್ಲ. ಸ್ಟ್ಯಾಂಡಿನ ಮೇಲೆ ಇದ್ದಾಗ ಅಮ್ಮ ಪ್ಲೇಟ್ ಮುಟ್ಟುವುದೇ ಇಲ್ಲ, ಅದು ನನ್ನ ಕೆಲಸ.

ಹದಿನಾಲ್ಕನೇ ವಾರ

ಮಂಗಳವಾರ, ಶುಕ್ರವಾರ. ಬೆಳಿಗ್ಗೆ ಕಾಫಿ ಆಗಿ ಒಂದು ಗಂಟೆ ಬಿಟ್ಟು. ಹಲಗೆ ಪೀಠದಿಂದ ಕೂತು ಏಳುವುದು ಐದರಂತೆ ಮೂರು ಸಲ. ಬಾರ್ ತಲೆಯ ಮೇಲೆ ಎತ್ತುವುದು ಐದರಂತೆ ಮೂರು ಸಲ. ಡೆಡ್‌ಲಿಫ್ಟ್ ಐದು, ಒಂದೇ ಸಲ. ನಡುವೆ ಅಮ್ಮ ಕೂತು ದಣಿವಾರಿಸಿಕೊಳ್ಳುತ್ತಾಳೆ, ನಾನು ಪ್ಲೇಟ್ ಬದಲಾಯಿಸುತ್ತೇನೆ.

ಮೊದಲ ವಾರವೇ ಚಿಕ್ಕ ಹೆಜ್ಜೆಯ ಸಮಸ್ಯೆ ಬಂತು. ಡೆಡ್‌ಲಿಫ್ಟ್ ಸುಮಾರು 7 ಕೆಜಿ 600ರಿಂದ ಶುರುವಾಯಿತು. ನಮ್ಮ ಹತ್ತಿರದ ಚಿಕ್ಕ ಪ್ಲೇಟ್ ಒಂದೂಕಾಲು ಕೆಜಿ. ಎರಡು ಕಡೆ ಸೇರಿ ಎರಡೂವರೆ. ಒಂದೇ ಏಟಿಗೆ ಮೂರನೇ ಒಂದು ಭಾಗ ಜಾಸ್ತಿ ಮಾಡಿದ ಹಾಗೆ. ಯಾವ ಔಷಧಿಯನ್ನೂ ಹಾಗೆ ಏರಿಸುವುದಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಹೋಗಿ 30 ಎಂಎಂ ಬೋಲ್ಟಿಗೆ ಹಾಕುವ ವಾಷರ್ ತಂದೆ. ಒಳಗಿನ ತೂತು 31 ಎಂಎಂ, ಪೈಪಿಗೆ ಸರಾಗವಾಗಿ ಹೋಗುತ್ತದೆ. ಒಂದರ ತೂಕ ಸುಮಾರು 54 ಗ್ರಾಂ. ಐದನ್ನು ಜೋಡಿಸಿ ಇನ್ಸುಲೇಷನ್ ಟೇಪ್ ಸುತ್ತಿದರೆ 270. ಅಂಥ ಕಟ್ಟು ಎಂಟು ಮಾಡಿದೆ. ಎರಡು ಕಡೆಗೆ ಒಂದೊಂದು ಕಟ್ಟು ಅಂದರೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ. ಪ್ರತಿ ಸಲ ಒಂದು ಕಟ್ಟು. ನಾಲ್ಕು ಕಟ್ಟು ತುಂಬಿದ ಮೇಲೆ ಅವನ್ನು ತೆಗೆದು ಪ್ಲೇಟ್ ಹಾಕುವುದು, ಮತ್ತೆ ಒಂದರಿಂದ ಶುರು. ಜಿಮ್ ಸಾಮಾನಿನ ಅಂಗಡಿಗಳಲ್ಲಿ ಇಷ್ಟು ಚಿಕ್ಕ ತೂಕ ನನಗೆ ಸಿಗಲಿಲ್ಲ. ಅಮ್ಮ ನಿಲ್ಲದೆ ಮುಂದುವರಿದದ್ದು ಈ ವಾಷರ್‌ಗಳಿಂದ.

ನಡುವೆ ಒಂದು ವಾರ ಅವಳಿಗೆ ಮಂಡಿ ನೋವು ಬಂತು. ಎರಡು ಹಲಗೆ ವಾಪಸ್ ಇಟ್ಟೆವು, ಭಾರ ಕಡಿಮೆ ಮಾಡಿದೆವು. ಹತ್ತು ದಿನ ಹಾಗೇ ನಡೆಸಿ ಮತ್ತೆ ಇಳಿಸಿದೆವು. ಕೆಳಗೆ ಇಳಿಯಲು ಹಲಗೆ ಇರುವ ಹಾಗೆ ಮೇಲೆ ಹತ್ತಲೂ ಅದೇ ಹಲಗೆ ಇದೆ ಅನ್ನುವುದು ಅಮ್ಮನಿಗೆ ದೊಡ್ಡ ಧೈರ್ಯ.

ಇವತ್ತು ಡೆಡ್‌ಲಿಫ್ಟ್ 19 ಕೆಜಿ 200. ಪೀಠದಲ್ಲಿ ಮೂರು ಹಲಗೆ ಉಳಿದಿವೆ. ಡೆಕ್ಸಾ ಸ್ಕ್ಯಾನ್ ಮತ್ತೆ ಮಾಡಿಸುವುದು ವರ್ಷ ತುಂಬಿದ ಮೇಲೆ, ಮೂಳೆಯ ಬಗ್ಗೆ ಅಲ್ಲಿಯವರೆಗೆ ನಾನು ಏನೂ ಹೇಳುವುದಿಲ್ಲ. ಕಣ್ಣಿಗೆ ಕಂಡದ್ದು ಹೇಳಬಹುದು. ಹೋದ ಭಾನುವಾರ ಅಮ್ಮ ಗೋಡೆ ಹಿಡಿಯದೆ, ಒಂದು ಕೈ ಮಾತ್ರ ಮಂಡಿಗೆ ಊರಿ ತುರಿಮಣೆಯಿಂದ ಎದ್ದಳು. ಎದ್ದವಳು ತೆಂಗಿನಕಾಯಿ ತುರಿ ತಟ್ಟೆಯನ್ನು ಕಟ್ಟೆ ಮೇಲಿಟ್ಟು, ಒಗ್ಗರಣೆಗೆ ಎಣ್ಣೆ ಇಟ್ಟಳು.

ಲೆಕ್ಕ ಬರೆಯುವುದು ಅವಳೇ. ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ. ಮುಂದಿನ ಮಂಗಳವಾರದ ಚೌಕದಲ್ಲಿ ಆಗಲೇ ಪೆನ್ಸಿಲಿನಲ್ಲಿ ಬರೆದಿದ್ದಾಳೆ: 'ಹಲಗೆ 2. ವಾಷರ್ 1 ಕಟ್ಟು.'